ಯಮುನೆಯನ್ನು ಸೇತುವೆ ಮೇಲಿಂದ ನೋಡಬೇಡಿ

ಊರಿನಿಂದ ಅಪ್ಪ-ಅಮ್ಮನೋ ಅತ್ತೆ-ಮಾವನೋ ದೆಹಲಿಗೆ ಬಂದಾಗ ಕೆಂಪುಕೋಟೆ, ಕುತುಬ್ ಮಿನಾರ್, ಅಕ್ಷರಧಾಮ ಎಲ್ಲ ಮುಗಿದ ಮೇಲೆ ಒಂದು ಮಾತು ಬಂದೇ ಬರುತ್ತದೆ: "ಯಮುನೆ ಎಲ್ಲಿದೆ? ಒಂದು ಸಲ ತೋರಿಸಿಬಿಡು." ತುಂಗೆ, ಕಾವೇರಿ, ನೇತ್ರಾವತಿಯ ದಂಡೆಯಲ್ಲಿ ಬೆಳೆದವರು ಅವರು. ಕಾಳಿಂದಿಯ ಹೆಸರನ್ನು ಭಾಗವತದ ಕತೆಯಲ್ಲಿ, ಯಕ್ಷಗಾನದ ರಂಗದಲ್ಲಿ ಚಿಕ್ಕಂದಿನಿಂದ ಕೇಳಿದವರು. ನಾವು ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಐಟಿಒ ಸೇತುವೆಗೋ ಕಾಲಿಂದಿ ಕುಂಜ್‌ಗೋ ಹೋಗುತ್ತೇವೆ. ಕಿಟಕಿ ಇಳಿಸಿದ ಕೂಡಲೇ ವಾಸನೆ ಒಳಗೆ ನುಗ್ಗುತ್ತದೆ. ಕೆಳಗೆ ಕಪ್ಪು ನೀರು, ಅದರ ಮೇಲೆ ನೊರೆ. ಅಮ್ಮ ಸೆರಗನ್ನು ಮೂಗಿಗೆ ಒತ್ತಿಕೊಂಡು ಕೈಮುಗಿಯುತ್ತಾರೆ. ಮನೆ ಸೇರುವವರೆಗೆ ಕಾರಿನಲ್ಲಿ ಮಾತಿರುವುದಿಲ್ಲ.

ಇದೇ ಊರಿನಲ್ಲಿ, ಇದೇ ನದಿಯ ಪಕ್ಕದಲ್ಲಿ ಜೊಂಡಿನ ನಡುವೆ ಜಂಬುಕೋಳಿ ಓಡಾಡುವ, ಹಿಮಾಲಯ ದಾಟಿ ಬಂದ ಹೆಬ್ಬಾತುಗಳು ಇಳಿಯುವ, ಹೊಳೆಮತ್ತಿ ಮತ್ತು ನೇರಳೆ ಮರಗಳ ಕೆಳಗೆ ಗಂಟೆಗಟ್ಟಲೆ ನಡೆಯಬಹುದಾದ ಜಾಗಗಳಿವೆ. ಅಲ್ಲಿಗೆ ಹೋಗಲು ದೊಡ್ಡ ಖರ್ಚಿಲ್ಲ, ಮೆಟ್ರೋ ಸಾಕು. ಆದರೆ ದೆಹಲಿಯ ಯಮುನೆ ಯಾವ ದಿನ ಹೋದರೂ ಮುಖ ತೋರಿಸುವ ನದಿಯಲ್ಲ. ಮೊದಲು ತಿಂಗಳನ್ನು ಆರಿಸಬೇಕು, ಆಮೇಲೆ ಜಾಗವನ್ನು, ಕೊನೆಗೆ ಹೊತ್ತನ್ನು. ನಮ್ಮಲ್ಲಿ ಬಹುಪಾಲು ಜನ ಇದನ್ನು ತಿರುಗಿಸಿ ಮಾಡುತ್ತೇವೆ: ಭಾನುವಾರ ರಜೆ ಇದೆ, ಹತ್ತಿರ ಯಾವುದಿದೆ, ನಡೆ ಹೊರಡೋಣ.

ನದಿ ಎಲ್ಲಿ ಕೆಡುತ್ತದೆ, ಎಲ್ಲಿ ಉಳಿದಿದೆ

ಯಮುನೋತ್ರಿಯಿಂದ ಪ್ರಯಾಗದ ಸಂಗಮದವರೆಗೆ ಯಮುನೆಯ ಉದ್ದ 1,376 ಕಿಲೋಮೀಟರ್. ಉತ್ತರದ ಪಲ್ಲಾ ಗ್ರಾಮದ ಬಳಿ ಅದು ದೆಹಲಿಯನ್ನು ಪ್ರವೇಶಿಸುತ್ತದೆ, ದಕ್ಷಿಣದ ಜೈತ್‌ಪುರದ ಬಳಿ ಬಿಡುತ್ತದೆ. ಈ ನಡುವೆ ಮೂರು ಬ್ಯಾರೇಜುಗಳಿವೆ: ವಜೀರಾಬಾದ್, ಐಟಿಒ, ಓಖ್ಲಾ. ಇವುಗಳ ಜಾಗ ಗೊತ್ತಿದ್ದರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ.

ಹರಿಯಾಣದ ಹಥಿನಿಕುಂಡ್ ಬ್ಯಾರೇಜಿನಲ್ಲಿಯೇ ನದಿಯ ಹೆಚ್ಚಿನ ನೀರು ಪೂರ್ವ ಮತ್ತು ಪಶ್ಚಿಮ ಯಮುನಾ ಕಾಲುವೆಗಳಿಗೆ ತಿರುಗುತ್ತದೆ. ಮಳೆಗಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ ದೆಹಲಿಗೆ ಬರುವ ನೀರು ಕಡಿಮೆ. ಬಂದದ್ದನ್ನು ವಜೀರಾಬಾದಿನಲ್ಲಿ ಕುಡಿಯುವುದಕ್ಕೆ ಎತ್ತಿಕೊಳ್ಳುತ್ತಾರೆ. ಆ ಬ್ಯಾರೇಜಿನ ಕೆಳಗೆ, ಕೂಗಳತೆಯ ದೂರದಲ್ಲಿ, ನಜಫ್‌ಗಢ ನಾಲಾ ಬಂದು ಸೇರುತ್ತದೆ. ಅದು ಒಂದು ಕಾಲಕ್ಕೆ ಸಾಹಿಬಿ ಎಂಬ ನದಿಯ ಹರಿವಾಗಿತ್ತು, ಈಗ ಊರಿನ ಕೊಳಚೆಯ ದಾರಿ. ಅಲ್ಲಿಂದ ಓಖ್ಲಾವರೆಗಿನ 22 ಕಿಲೋಮೀಟರ್ ಇಡೀ ನದಿಯ ಉದ್ದದಲ್ಲಿ ನೂರಕ್ಕೆ ಎರಡು ಪಾಲೂ ಇಲ್ಲ, ಆದರೆ ಯಮುನೆಯ ಒಟ್ಟು ಕೊಳೆಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಸೇರುವುದು ಇಲ್ಲಿಯೇ. ಐಟಿಒ ಸೇತುವೆ ಮೇಲೆ ನಿಂತು ನೋಡುವವರು ಈ 22 ಕಿಲೋಮೀಟರಿನ ನಡುಮಧ್ಯವನ್ನು ನೋಡುತ್ತಿರುತ್ತಾರೆ.

ಆದರೆ ನದಿ ಎಂದರೆ ಹರಿಯುವ ನೀರಿನ ಪಟ್ಟಿ ಮಾತ್ರವೇ? ಮಳೆಗಾಲದಲ್ಲಿ ನೀರು ಹರಡಿಕೊಳ್ಳುವ ನೆರೆಬಯಲು ಕೂಡ ನದಿಯ ಮೈ. ಆ ಬಯಲಿನ ಮರಳು ನೆರೆಯ ನೀರನ್ನು ಹೀರಿ ಅಡಿಯಲ್ಲಿ ಇಟ್ಟುಕೊಳ್ಳುತ್ತದೆ. ತಗ್ಗುಗಳಲ್ಲಿ ನಿಂತ ನೀರು ಜೌಗಾಗಿ, ಜೊಂಡು ಬೆಳೆದು, ಹಕ್ಕಿಗಳಿಗೆ ಮನೆಯಾಗುತ್ತದೆ. ವಜೀರಾಬಾದಿಗಿಂತ ಮೇಲಿನ ಬಯಲಿಗೆ ನಾಲಾದ ಕೊಳೆ ತಲುಪುವುದಿಲ್ಲ. ಓಖ್ಲಾದಲ್ಲಿ ನೀರು ಕೊಳಕಾಗಿದ್ದರೂ ಬ್ಯಾರೇಜ್ ಅದನ್ನು ತಡೆದು ಅಗಲವಾದ, ಆಳವಿಲ್ಲದ ಕೆರೆಯಂತೆ ನಿಲ್ಲಿಸುತ್ತದೆ. ಹಾಗಾಗಿ ದೆಹಲಿಯಲ್ಲಿ ಯಮುನೆಯನ್ನು ನೋಡಬೇಕಾದದ್ದು ಈ ಎರಡು ತುದಿಗಳಲ್ಲಿ, ಅದೂ ಕಾಲ್ನಡಿಗೆಯಲ್ಲಿ.

ಯಾವ ತಿಂಗಳು

ಫೆಬ್ರವರಿ ಮೊದಲ ವಾರದಿಂದ ಮಾರ್ಚ್ ನಡುವಿನವರೆಗೆ. ಒಂದೇ ಉತ್ತರ ಬೇಕಿದ್ದರೆ ಇಷ್ಟು ಸಾಕು. ಚಳಿಗಾಲದ ವಲಸೆ ಹಕ್ಕಿಗಳು ಆಗ ಇನ್ನೂ ಇರುತ್ತವೆ, ಮಂಜು ಕರಗಿರುತ್ತದೆ, ಗಾಳಿ ಬೀಸಲು ತೊಡಗಿ ಹೊಗೆ ಇಳಿದಿರುತ್ತದೆ, ಬಿಸಿಲು ಹಿತವಾಗಿರುತ್ತದೆ. ಊರಿನವರನ್ನು ಕರೆಸುವ ಸ್ವಾತಂತ್ರ್ಯ ನಿಮಗಿದ್ದರೆ ಬೇಸಿಗೆ ರಜೆ ಬಿಟ್ಟು ಈ ವಾರಗಳಿಗೆ ಟಿಕೆಟ್ ಮಾಡಿಸಿ.

ಡಿಸೆಂಬರ್, ಜನವರಿಯಲ್ಲಿ ಹಕ್ಕಿಗಳ ಸಂಖ್ಯೆ ಜಾಸ್ತಿ. ತೊಂದರೆ ಕೊಡುವುದು ಮಂಜು ಮತ್ತು ಗಾಳಿ. ನವೆಂಬರಿನಲ್ಲಿ ಹಕ್ಕಿಗಳು ಬರತೊಡಗುತ್ತವೆ ನಿಜ, ಆದರೆ ಗಾಳಿ ತೀರ ಕೆಡುವುದೂ ಆಗಲೇ. ವಯಸ್ಸಾದವರನ್ನು, ಉಬ್ಬಸ ಇರುವ ಮಕ್ಕಳನ್ನು ಆ ತಿಂಗಳು ನದಿಯ ಬಯಲಿಗೆ ಕರೆದೊಯ್ಯಬೇಡಿ.

ಏಪ್ರಿಲ್ ಕೊನೆಯಿಂದ ಜೂನ್‌ವರೆಗೆ ಬಿಸಿಲು 40 ಡಿಗ್ರಿ ದಾಟುತ್ತದೆ. ಒಣ ಬಿಸಿಗಾಳಿ ಲೂ ಬೀಸುತ್ತದೆ. ಬೆಳಗ್ಗೆ ಆರಕ್ಕೆ ಹೋಗಿ ಎಂಟೂವರೆಗೆ ಮರಳುವುದಾದರೆ ಸರಿ, ಅದೂ ಮರಗಳಿರುವ ಕಡೆಗೆ ಮಾತ್ರ.

ಜುಲೈಯಿಂದ ಸೆಪ್ಟೆಂಬರ್‌ವರೆಗೆ ಬಯಲು ನದಿಯದು. ಹಥಿನಿಕುಂಡ್‌ನಲ್ಲಿ ಬಿಟ್ಟ ನೀರು ದೆಹಲಿ ತಲುಪಲು ಎರಡು ಮೂರು ದಿನ ಹಿಡಿಯುತ್ತದೆ. ದೆಹಲಿಯಲ್ಲಿ ಆಕಾಶ ತಿಳಿಯಾಗಿದ್ದರೂ ನದಿ ಏರಬಹುದು ಎಂಬುದನ್ನು ಮರೆಯಬೇಡಿ. ಮಟ್ಟ ಅಳೆಯುವುದು ಹಳೆಯ ರೈಲ್ವೆ ಸೇತುವೆಯ ಬಳಿ. 204.50 ಮೀಟರ್ ಎಚ್ಚರಿಕೆಯ ಗುರುತು, 205.33 ಅಪಾಯದ ಗುರುತು, 206 ಮುಟ್ಟಿದರೆ ದಂಡೆಯ ಜನರನ್ನು ತೆರವು ಮಾಡಿಸುತ್ತಾರೆ. 1978ರಲ್ಲಿ ನೀರು 207.49 ಮೀಟರ್‌ವರೆಗೆ ಏರಿತ್ತು. 2023ರ ಜುಲೈ 13ರಂದು ಆ ದಾಖಲೆ ಮುರಿದು 208.66 ಮುಟ್ಟಿತು, ನದಿ ತನ್ನ ಹಳೆಯ ಪಾತ್ರವನ್ನು ಹುಡುಕಿಕೊಂಡು ಕೆಂಪುಕೋಟೆಯ ಗೋಡೆಯವರೆಗೂ ಹೋಯಿತು. ಪತ್ರಿಕೆಯಲ್ಲಿ 204 ಎಂಬ ಅಂಕಿ ಕಂಡರೆ ಆ ವಾರದ ಯೋಜನೆ ಕೈಬಿಡಿ.

ಅಕ್ಟೋಬರ್ ಮೊದಲ ಭಾಗದಲ್ಲಿ ಮಳೆ ತೊಳೆದ ಹಸಿರು ಚೆನ್ನಾಗಿರುತ್ತದೆ, ಆದರೆ ಡೆಂಗಿ ಹರಡುವ ಕಾಲವೂ ಹೌದು. ತುಂಬುತೋಳಿನ ಅಂಗಿ, ಸೊಳ್ಳೆಗೆ ಹಚ್ಚುವ ಮುಲಾಮು ಕಡ್ಡಾಯ.

ಯಾವ ಹೊತ್ತು

ಹಕ್ಕಿ ನೋಡುವವರು ಎಲ್ಲೆಡೆ ಹೇಳುವ ಮಾತು, ಬೆಳಕು ಹರಿಯುವ ಮುಂಚೆ ಅಲ್ಲಿರಬೇಕು ಎಂದು. ರಂಗನತಿಟ್ಟಿಗೆ, ಕೊಕ್ಕರೆ ಬೆಳ್ಳೂರಿಗೆ ಅದು ಸರಿ. ದೆಹಲಿಯ ಡಿಸೆಂಬರ್-ಜನವರಿಗೆ ಸರಿಯಲ್ಲ. ಚಳಿಗಾಲದ ರಾತ್ರಿ ನೆಲ ಬೇಗ ತಣಿಯುತ್ತದೆ. ನೆಲಕ್ಕೆ ತಾಗಿದ ಗಾಳಿ ತಣ್ಣಗಾಗಿ, ಭಾರವಾಗಿ ಕೆಳಗೇ ಕೂರುತ್ತದೆ, ಅದರ ಮೇಲಿನ ಪದರ ಬೆಚ್ಚಗಿರುವುದರಿಂದ ಕೆಳಗಿನ ಗಾಳಿ ಮೇಲೇರಲಾಗದು. ವಾಹನಗಳ, ಒಲೆಗಳ ಹೊಗೆಯೆಲ್ಲ ಅಲ್ಲೇ ಸಿಕ್ಕಿಬೀಳುತ್ತದೆ. ಬಿಸಿಲು ಬಿದ್ದು ನೆಲ ಕಾದ ಮೇಲಷ್ಟೇ ಗಾಳಿ ಮೇಲೆ ಕೆಳಗೆ ಬೆರೆತು ಸ್ವಲ್ಪ ಹಗುರಾಗುತ್ತದೆ. ನದಿಯ ಪಕ್ಕದಲ್ಲಿ ತೇವ ಹೆಚ್ಚು, ಮಂಜೂ ಹೆಚ್ಚು. ಬೆಳಗ್ಗೆ ಏಳಕ್ಕೆ ಹೋದರೆ ಹಕ್ಕಿಯೂ ಕಾಣದು, ಎದೆಗೂ ಒಳ್ಳೆಯದಲ್ಲ.

ಆದ್ದರಿಂದ ಆ ಎರಡು ತಿಂಗಳು ಹತ್ತು ಹತ್ತೂವರೆಗೆ ಶುರುಮಾಡಿ ಒಂದು ಗಂಟೆಗೆ ಮುಗಿಸಿ. ನೀರಿನ ಮೇಲೆ ತೇಲುವ ಬಾತುಗಳು ಹೊತ್ತೇರಿದ ಮೇಲೂ ಎಲ್ಲಿಗೂ ಹೋಗುವುದಿಲ್ಲ. ಬಿಸಿಲು ಕಾಯಿಸುತ್ತ ದಂಡೆಗೆ ಇನ್ನೂ ಹತ್ತಿರ ಬರುತ್ತವೆ. ಫೆಬ್ರವರಿ ನಡುವಿನ ನಂತರ ಗಾಳಿ ಸುಧಾರಿಸಿದ ದಿನಗಳಲ್ಲಿ ಎಂಟಕ್ಕೇ ಹೊರಡಬಹುದು.

ಹೊರಡುವ ಮುನ್ನ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಸಮೀರ್’ ಆಪ್‌ನಲ್ಲಿ ವಾಯು ಗುಣಮಟ್ಟ ಸೂಚ್ಯಂಕ ನೋಡಿ. ಅಂಕಿ 200ರೊಳಗಿದ್ದರೆ ಹೊರಡಿ. 201ರಿಂದ 300 ‘ಕಳಪೆ’, ಗಟ್ಟಿಮುಟ್ಟಾದವರು ಮಾತ್ರ, ನಿಧಾನ ನಡಿಗೆಯಲ್ಲಿ. 300 ದಾಟಿದ ದಿನ ಯಾರೂ ಬೇಡ, ಮನೆಯಲ್ಲೇ ಇರಿ.

ಓಖ್ಲಾ ಪಕ್ಷಿಧಾಮ: ಮೊದಲ ಸಲಕ್ಕೆ ಇದೇ ಇರಲಿ

ಹೆಸರು ಓಖ್ಲಾ ಎಂದಿದ್ದರೂ ಇರುವುದು ನೋಯ್ಡಾದಲ್ಲಿ, ಉತ್ತರ ಪ್ರದೇಶದ ಗೌತಮ ಬುದ್ಧ ನಗರ ಜಿಲ್ಲೆಯ ಕಡೆಗೆ. 1990ರಲ್ಲಿ ಪಕ್ಷಿಧಾಮವೆಂದು ಘೋಷಣೆಯಾಯಿತು. ಸುಮಾರು ನಾಲ್ಕು ಚದರ ಕಿಲೋಮೀಟರ್ ವಿಸ್ತಾರದಲ್ಲಿ ಈವರೆಗೆ ಮುನ್ನೂರಕ್ಕೂ ಹೆಚ್ಚು ಬಗೆಯ ಹಕ್ಕಿಗಳು ದಾಖಲಾಗಿವೆ.

ಕೊಳಕು ನೀರಿಗೆ ಹಕ್ಕಿ ಏಕೆ ಬರುತ್ತವೆ ಎಂದು ಮಕ್ಕಳು ಕೇಳುತ್ತಾರೆ. ಬಾತುಗಳಿಗೆ ಬೇಕಾದದ್ದು ನಿಂತ ನೀರು, ಮುಳುಗಿ ತಿನ್ನುವಷ್ಟೇ ಆಳ, ನಡುವೆ ಕೂರಲು ತಿಟ್ಟು, ಅಡಗಲು ಜೊಂಡು. ಬ್ಯಾರೇಜಿನಿಂದಾಗಿ ಇವೆಲ್ಲ ಇಲ್ಲಿವೆ. ಕೊಳೆತ ವಸ್ತು ಇರುವಲ್ಲಿ ಹುಳುಗಳೂ ಹೆಚ್ಚು, ಮೆಟ್ಟುಗಾಲು ಹಕ್ಕಿಯಂಥವು ಅವನ್ನು ಆರಿಸಿ ತಿನ್ನುತ್ತವೆ. ಹಕ್ಕಿ ಇದೆಯೆಂದು ನೀರು ಶುದ್ಧ ಎಂದಲ್ಲ. ಕೊಳೆ ತಡೆದುಕೊಳ್ಳಲಾರದ ಹಕ್ಕಿಗಳು ಬರುವುದನ್ನು ಬಿಟ್ಟಿರುತ್ತವೆ ಎಂಬುದನ್ನೂ ಮಕ್ಕಳಿಗೆ ಹೇಳಿ.

ಇಲ್ಲಿಗೆ ಹೋಗುವ ಕ್ರಮ ಹೀಗೆ:

1. ಮೆಟ್ರೋದ ಮೆಜೆಂಟಾ ಮಾರ್ಗದಲ್ಲಿ ‘ಓಖ್ಲಾ ಬರ್ಡ್ ಸ್ಯಾಂಕ್ಚುರಿ’ ಎಂಬ ನಿಲ್ದಾಣವೇ ಇದೆ. 2017ರ ಡಿಸೆಂಬರಿನಲ್ಲಿ ಈ ಭಾಗ ತೆರೆಯಿತು. ದೆಹಲಿ ಕರ್ನಾಟಕ ಸಂಘವಿರುವ ರಾಮಕೃಷ್ಣಪುರಂ ಮತ್ತು ಮುನೀರ್ಕಾದ ಸುತ್ತ ಕನ್ನಡದ ಮನೆಗಳು ಬಹಳ. ಆರ್.ಕೆ. ಪುರಂ, ಮುನೀರ್ಕಾ ಎರಡೂ ಇದೇ ಮಾರ್ಗದಲ್ಲಿವೆ, ಗಾಡಿ ಬದಲಿಸುವ ತಾಪತ್ರಯವಿಲ್ಲ. ಕಾರಿನಲ್ಲಿ ಹೋದರೆ ಕಾಲಿಂದಿ ಕುಂಜ್‌ನ ಸಂಚಾರ ದಟ್ಟಣೆಯಲ್ಲೇ ಅರ್ಧ ಬೆಳಗು ಕಳೆದುಹೋಗುತ್ತದೆ.

2. ನಿಲ್ದಾಣದಲ್ಲಿಯೇ ಶೌಚಾಲಯಕ್ಕೆ ಹೋಗಿ ಬನ್ನಿ. ಒಳಗೆ ತಿಂಡಿ ಅಂಗಡಿಯ ಭರವಸೆ ಇಟ್ಟುಕೊಳ್ಳಬೇಡಿ, ನೀರಿನ ಬಾಟಲಿ ಜೊತೆಯಲ್ಲಿರಲಿ. ಪ್ರವೇಶಕ್ಕೆ ಚೀಟಿ ಕೊಳ್ಳಬೇಕು, ಗುರುತಿನ ಚೀಟಿಯೂ ಹತ್ತಿರವಿರಲಿ.

3. ದಾರಿ ಸಮತಟ್ಟು. ನದಿಯ ಪೂರ್ವ ದಂಡೆಯ ಏರಿಯ ಮೇಲೆ ನೇರವಾಗಿ ಸಾಗುತ್ತದೆ, ನೀರು ಪಶ್ಚಿಮಕ್ಕೆ. ಮಧ್ಯಾಹ್ನದ ಮುಂಚೆ ಬಿಸಿಲು ನಿಮ್ಮ ಬೆನ್ನಿಗೆ, ಬೆಳಕು ಹಕ್ಕಿಯ ಮೇಲೆ. ಮಧ್ಯಾಹ್ನ ಎರಡರ ನಂತರ ಸೂರ್ಯ ಎದುರಿಗೆ ಬಂದು ಎಲ್ಲ ಹಕ್ಕಿಯೂ ಕಪ್ಪಾಗಿ ಕಾಣುತ್ತದೆ. ಹತ್ತರಿಂದ ಒಂದರವರೆಗೆ ಎಂದು ಹೇಳಿದ್ದಕ್ಕೆ ಇದು ಎರಡನೆಯ ಕಾರಣ.

4. ಒಂದು ಬಾಗಿಲಿನಿಂದ ಇನ್ನೊಂದರವರೆಗೆ ನಡೆಯಲೇಬೇಕೆಂಬ ಹಟ ಬೇಡ. ಮೊಣಕಾಲು ನೋವಿನವರು ಅರ್ಧ ಕಿಲೋಮೀಟರ್ ಹೋಗಿ ನೀರು ಚೆನ್ನಾಗಿ ಕಾಣುವಲ್ಲಿ ಕುಳಿತರೂ ಸಾಕು. ಒಂದೆಡೆ ಕೂತು ಇಪ್ಪತ್ತು ನಿಮಿಷ ಸುಮ್ಮನಿದ್ದವರಿಗೆ ನಡೆಯುತ್ತಲೇ ಇದ್ದವರಿಗಿಂತ ಹೆಚ್ಚು ಕಾಣುತ್ತದೆ.

5. ಮೊದಲು ದೊಡ್ಡ ಹಕ್ಕಿಗಳನ್ನು ಗುರುತಿಸಿ. ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಗೀರು ಇದ್ದರೆ ಅದು ಪಟ್ಟೆತಲೆ ಹೆಬ್ಬಾತು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಬರುವುದು ಇದೇ ಜಾತಿ, ಆ ಕಡೆಯಿಂದ ಬಂದ ಅಜ್ಜ ದೂರದಿಂದಲೇ ಹೇಳಿಬಿಡಬಹುದು. ಬಾಲ ಸೂಜಿಯಂತೆ ಚಾಚಿದ್ದರೆ ಸೂಜಿಬಾಲದ ಬಾತು. ಅಗಲ ಕೊಕ್ಕಿನಿಂದ ನೀರನ್ನು ಸೋಸುತ್ತ ಸುತ್ತುವುದು ಸಲಿಕೆಕೊಕ್ಕಿನ ಬಾತು. ಜೊಂಡಿನಲ್ಲಿ ನೇರಳೆ ಮೈ, ಕೆಂಪು ಹಣೆಯ ಜಂಬುಕೋಳಿ. ಇದ್ದಕ್ಕಿದ್ದಂತೆ ಮುಳುಗಿ ಇನ್ನೆಲ್ಲೋ ಏಳುವ ಪುಟ್ಟದು ಗುಳುಮುಳುಕ. ಮೊದಲ ದಿನಕ್ಕೆ ಈ ಐದು ಸಿಕ್ಕರೆ ಧಾರಾಳ.

ದುರ್ಬೀನು ಕೊಳ್ಳುವ ಮನಸ್ಸಿದ್ದರೆ 8×42 ಎಂದು ಬರೆದದ್ದನ್ನು ಕೇಳಿ. ಎಂಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ, 42 ಮಿಲಿಮೀಟರ್ ಗಾಜು ಮಬ್ಬಿನಲ್ಲೂ ಬೆಳಕು ಹಿಡಿಯುತ್ತದೆ. ಇನ್ನೂ ಹೆಚ್ಚು ಪಟ್ಟಿನದು ಕೈಯಲ್ಲಿ ಅಲುಗುತ್ತದೆ, ಮಕ್ಕಳಿಗಂತೂ ಹಿಡಿತಕ್ಕೆ ಸಿಗದು.

ಒಂದು ನಿರಾಶೆಗೆ ಸಿದ್ಧರಿರಿ. ಬ್ಯಾರೇಜಿನ ಬಾಗಿಲು ತೆರೆದು ನೀರಿಳಿಸಿದ ದಿನಗಳಲ್ಲಿ, ಇಲ್ಲವೇ ಅಂತರಗಂಗೆ ನೀರನ್ನು ಪೂರ್ತಿ ಮುಚ್ಚಿದಾಗ, ಬಾತುಗಳು ಬೇರೆಡೆಗೆ ಹಾರಿಹೋಗಿರುತ್ತವೆ. ಹಿಂದಿನ ದಿನ ಹೋಗಿಬಂದವರನ್ನು ಕೇಳುವುದೇ ಇದಕ್ಕೆ ದಾರಿ.

ಯಮುನಾ ಜೀವವೈವಿಧ್ಯ ಉದ್ಯಾನ: ಕಾಡಿನೊಳಗಿನ ನಡಿಗೆ

ಮರಗಳ ನಡುವೆ ನಡೆಯುವ ಆಸೆ ಇದ್ದರೆ ಉತ್ತರಕ್ಕೆ, ವಜೀರಾಬಾದ್ ಪಕ್ಕದ ಜಗತ್‌ಪುರ ಗ್ರಾಮಕ್ಕೆ ಹೋಗಿ. ದೆಹಲಿ ಅಭಿವೃದ್ಧಿ ಪ್ರಾಧಿಕಾರವು ದೆಹಲಿ ವಿಶ್ವವಿದ್ಯಾಲಯದ ವಿಜ್ಞಾನಿಗಳ ನೆರವಿನಿಂದ ಕಟ್ಟಿದ ಈ ಉದ್ಯಾನದ ಕೆಲಸ ಶುರುವಾದದ್ದು 2002ರ ಸುಮಾರಿಗೆ. ಒಟ್ಟು 457 ಎಕರೆ. ಪ್ರೊಫೆಸರ್ ಸಿ.ಆರ್. ಬಾಬು ಇದರ ಹಿಂದಿನ ಮುಖ್ಯ ಶಕ್ತಿ. ಉಪ್ಪು ಹಿಡಿದ ಬಂಜರು ನೆಲದಲ್ಲಿ ಮೊದಲು ಹುಲ್ಲು, ಆಮೇಲೆ ಪೊದೆ, ಕೊನೆಗೆ ಮರ ಎಂಬ ಕ್ರಮದಲ್ಲಿ ಮಣ್ಣನ್ನು ಬದುಕಿಸಿ, ಯಮುನೆಯ ಕಣಿವೆಯಲ್ಲಿ ಹಿಂದೆ ಇದ್ದ ಕಾಡುಗಳನ್ನು ಮರಳಿ ಬೆಳೆಸಿದರು. ದೆಹಲಿಯ ಗುಡ್ಡಗಳನ್ನು ನುಂಗಿರುವ ಬಳ್ಳಾರಿ ಜಾಲಿ ಇಲ್ಲಿಲ್ಲದಂತೆ ನೋಡಿಕೊಂಡಿದ್ದಾರೆ. ನನ್ನ ಮಟ್ಟಿಗೆ ಈ ಮಹಾನಗರ ಈ ಶತಮಾನದಲ್ಲಿ ಮಾಡಿದ ಅತಿ ಒಳ್ಳೆಯ ಕೆಲಸಗಳಲ್ಲಿ ಇದೊಂದು. ಮೇಲುಸೇತುವೆಗಳಿಗೆ ಸಿಕ್ಕ ಪ್ರಚಾರದ ಒಂದಂಶವೂ ಇದಕ್ಕೆ ಸಿಗಲಿಲ್ಲ ಎಂಬ ಸಂಕಟ ನನಗಿದೆ. 2016ರ ಕೊನೆಯಲ್ಲಿ ಇಲ್ಲಿ ಒಂದು ಚಿರತೆಯೇ ಬಂದು ನೆಲೆಸಿತ್ತು, ಡಿಸೆಂಬರಿನಲ್ಲಿ ಅದನ್ನು ಹಿಡಿದು ದೂರದ ಕಾಡಿಗೆ ಸಾಗಿಸಿದರು.

ಇದು ಲಾಲ್‌ಬಾಗಿನಂಥ ಉದ್ಯಾನವಲ್ಲ. ಹೂವಿನ ಪಾತಿ, ಜಾರುಬಂಡೆ, ಐಸ್‌ಕ್ರೀಂ ಗಾಡಿ ಹುಡುಕಬೇಡಿ. ಚಿಟ್ಟೆಗಳ ತೋಟ, ಔಷಧಿ ಗಿಡಗಳ ತೋಟ, ಚಳಿಗಾಲದಲ್ಲಿ ಕೆಂಪುಜುಟ್ಟಿನ ಬಾತುಗಳು ಇಳಿಯುವ ಜೌಗು ಕೊಳ, ಅವುಗಳ ನಡುವೆ ಮಣ್ಣಿನ ಕಾಲುದಾರಿ. ಹೋಗುವ ಮುನ್ನ ಫೋನ್ ಮಾಡಿ, ತೆರೆದಿರುವ ದಿನ, ಹೊತ್ತು ಕೇಳಿಕೊಳ್ಳಿ. ಹತ್ತಕ್ಕಿಂತ ಹೆಚ್ಚು ಜನರಿದ್ದರೆ ಮೊದಲೇ ತಿಳಿಸಿದರೆ ವಿವರಿಸುವವರು ಸಿಗುವ ಸಾಧ್ಯತೆ ಇದೆ. ಲೋಧಿ ಎಸ್ಟೇಟಿನ ದೆಹಲಿ ಕನ್ನಡ ಶಾಲೆಯ ಮಕ್ಕಳಿಗೆ, ಸಂಘದ ವಾರಾಂತ್ಯದ ತಂಡಗಳಿಗೆ ಇದಕ್ಕಿಂತ ಒಳ್ಳೆಯ ಪಾಠದ ಜಾಗ ನನಗೆ ಗೊತ್ತಿಲ್ಲ. ಮೆಟ್ರೋದ ಹಳದಿ ಮಾರ್ಗದಲ್ಲಿ ಜಿಟಿಬಿ ನಗರದಲ್ಲಿಳಿದು ಆಟೋ ಹಿಡಿಯಿರಿ. ಮರಳುವಾಗ ಆಟೋ ಸಿಗುವುದು ಕಷ್ಟ, ಬಂದವನನ್ನೇ ಮಾತಾಡಿಸಿ ನಿಲ್ಲಿಸಿಕೊಳ್ಳಿ.

ಗಾಲಿಕುರ್ಚಿಯವರಿಗೆ, ಸಂಜೆಗೆ

ಮಣ್ಣಿನ ದಾರಿ ಆಗದವರಿಗೆ ಇತ್ತೀಚೆಗೆ ದಂಡೆಯಲ್ಲಿ ಕಲ್ಲು ಹಾಸಿದ ಜಾಗಗಳಾಗಿವೆ. ಸರಾಯ್ ಕಾಲೇ ಖಾನ್ ಬಳಿಯ ಬಿದಿರಿನ ಉದ್ಯಾನ ‘ಬಾಂಸೇರಾ’, ಐಟಿಒ ಬಳಿ ಪೂರ್ವ ದಂಡೆಯ ‘ಅಸಿತಾ ಈಸ್ಟ್’, ಕಶ್ಮೀರಿ ಗೇಟ್ ಬಸ್ ನಿಲ್ದಾಣದ ಹತ್ತಿರ 2024ರಲ್ಲಿ ತೆರೆದ ವಾಸುದೇವ ಘಾಟ್. ವಾಸುದೇವ ಘಾಟಿನಲ್ಲಿ ಸಂಜೆ ಆರತಿ ನಡೆಯುತ್ತದೆ, ದಿನ ವಿಚಾರಿಸಿ ಹೋಗಿ. ಕೈಮುಗಿಯಲೆಂದೇ ಯಮುನೆಗೆ ಹೋಗಬೇಕೆನ್ನುವ ಹಿರಿಯರಿಗೆ ಇದು ಸೇತುವೆಗಿಂತ ಎಷ್ಟೋ ಮೇಲು.

ಜಲಪಾತ ಬೇಕೆಂದರೆ

ಜೋಗ, ಶಿವನಸಮುದ್ರ ನೋಡಿದವರಿಗೆ ದೆಹಲಿಯಲ್ಲಿ ಜಲಪಾತ ಎಂಬ ಮಾತೇ ವಿಚಿತ್ರ. ಬಯಲುಸೀಮೆಯ ಈ ನದಿಗೆ ಬೀಳಲು ಬಂಡೆಯಿಲ್ಲ. ಯಮುನೆ ಇಲ್ಲಿ ಧುಮುಕುವುದು ಬ್ಯಾರೇಜಿನ ಬಾಗಿಲುಗಳಿಂದ ಮಾತ್ರ. ಓಖ್ಲಾದ ಕೆಳಗೆ ಕಾಣುವ ಬಿಳಿ ನೊರೆ ಹುಟ್ಟುವುದೂ ಹಾಗೆಯೇ. ಸಾಬೂನು ಪುಡಿಯ ಅಂಶಗಳು ಸೇರಿದ ನೀರು ಎತ್ತರದಿಂದ ಬಿದ್ದು ಕಡೆದಾಗ ನೊರೆ ಏಳುತ್ತದೆ. ಮಳೆ ನಿಂತು ನೀರಿಳಿದ ಅಕ್ಟೋಬರ್-ನವೆಂಬರಿನಲ್ಲಿ, ಛಠ್ ಹಬ್ಬದ ಹೊತ್ತಿಗೆ, ಅದು ರಾಶಿರಾಶಿಯಾಗಿ ತೇಲುತ್ತದೆ. ಹಿಮದ ಹಾಗಿದೆ ಎಂದು ಅದರ ನಡುವೆ ನಿಂತು ಫೋಟೋ ತೆಗೆಸಿಕೊಳ್ಳುವವರಿದ್ದಾರೆ. ದಯವಿಟ್ಟು ಬೇಡ, ಚರ್ಮಕ್ಕೂ ಕಣ್ಣಿಗೂ ಉರಿ.

ದೆಹಲಿಯ ದಕ್ಷಿಣ ಅಂಚಿನ ಅಸೋಲಾ ಭಾಟಿ ವನ್ಯಧಾಮದಲ್ಲಿ ಹಳೆಯ ಗಣಿಯ ಗುಂಡಿ ತುಂಬಿ ಆದ ‘ನೀಲಿ ಝೀಲ್’ ಇದೆ. ಅದರ ಬಂಡೆಗಳ ಮೇಲಿಂದ ಪಂಪಿನ ಮೂಲಕ ನೀರು ಬೀಳಿಸುವ ಕೃತಕ ಜಲಪಾತಗಳನ್ನು ಮಾಡಿದ್ದಾರೆ. ಅರಾವಳಿಯ ಬಂಡೆ, ಕುರುಚಲು ಕಾಡು ನೋಡಲು ಚೆನ್ನ. ನೀರು ಬೀಳುತ್ತಿದೆಯೇ ಎಂದು ಬಾಗಿಲಲ್ಲೇ ಕೇಳಿ. ಇನ್ನೊಂದು ಮಾತು ಗಟ್ಟಿಯಾಗಿ ಹೇಳಬೇಕು. ಅಸೋಲಾದಿಂದ ಫರೀದಾಬಾದ್‌ವರೆಗೆ ಇಂಥ ಗಣಿಕೊಳಗಳು ಹಲವಿವೆ. ತಿಳಿನೀಲಿಯಾಗಿ ಕರೆಯುತ್ತವೆ, ಆದರೆ ದಂಡೆಯಿಂದ ಒಂದು ಹೆಜ್ಜೆ ಇಟ್ಟರೆ ನೇರ ಆಳ, ಹತ್ತಿ ಬರಲು ಹಿಡಿತವಿಲ್ಲ. ಈಜು ಬಲ್ಲ ಹುಡುಗರೇ ಅಲ್ಲಿ ಮುಳುಗಿದ್ದಾರೆ. ಊರಿನ ಕೆರೆಯಲ್ಲಿ ಈಜಿ ಬೆಳೆದವರು ಆ ಧೈರ್ಯವನ್ನು ಇಲ್ಲಿ ತೋರಬಾರದು.

ಮೀನು ಎಲ್ಲಿ?

ಟಿವಿಯಲ್ಲಿ ಸಾಲ್ಮನ್ ಮೀನು ಹೊಳೆಯ ಎದುರು ಹಾರಿ ಹಾರಿ ಏರುವುದನ್ನು ನೋಡಿದ ಮಕ್ಕಳು ಯಮುನೆಯಲ್ಲೂ ಅದನ್ನು ಕೇಳುತ್ತಾರೆ. ಸಾಲ್ಮನ್ ತಣ್ಣೀರಿನ ದೇಶಗಳ ಮೀನು. ಹೊಳೆಯಲ್ಲಿ ಹುಟ್ಟಿ, ಸಮುದ್ರಕ್ಕೆ ಹೋಗಿ ಬಲಿತು, ಮೊಟ್ಟೆಯಿಡಲು ಹುಟ್ಟಿದ ಹೊಳೆಗೇ ಮರಳುತ್ತದೆ. ಭಾರತದ ಸಾಲ್ಮನ್ ಎಂಬ ಹೆಸರಿನಲ್ಲಿ ಮಾರುವ ರಾವಸ್ ಬೇರೆಯೇ ವಂಶದ್ದು.

ಆದರೆ ಸಮುದ್ರದಿಂದ ಹೊಳೆ ಏರುವ ಮೀನು ಯಮುನೆಗೂ ಇತ್ತು, ಹಿಲ್ಸಾ. ಬಂಗಾಳಕೊಲ್ಲಿಯಿಂದ ಗಂಗೆಯನ್ನೇರಿ, ಪ್ರಯಾಗ ದಾಟಿ ಯಮುನೆಗೆ ತಿರುಗಿ ಆಗ್ರಾದವರೆಗೂ, ಕೆಲವೊಮ್ಮೆ ದೆಹಲಿಯವರೆಗೂ ಅದು ಬರುತ್ತಿತ್ತೆಂದು ಮೀನು ತಜ್ಞರು ದಾಖಲಿಸಿದ್ದಾರೆ. 1975ರಲ್ಲಿ ಫರಕ್ಕಾ ಬ್ಯಾರೇಜ್ ಕಾರ್ಯಾರಂಭ ಮಾಡಿದ ಮೇಲೆ ಆ ದಾರಿ ಮುಚ್ಚಿತು. ಮಕ್ಕಳಿಗೆ ಸಾಲ್ಮನ್ ಬದಲು ಈ ಕತೆ ಹೇಳಿ. ಓಖ್ಲಾದ ಏರಿಯ ಮೇಲೆ ನಿಂತು ಬ್ಯಾರೇಜಿನ ಬಾಗಿಲುಗಳನ್ನು ತೋರಿಸುತ್ತ ಹೇಳಿದರೆ ತಡೆಗೋಡೆ ಒಂದು ಮೀನಿಗೆ ಏನು ಮಾಡುತ್ತದೆಂದು ಅವರಿಗೆ ಕಣ್ಣಾರೆ ತಿಳಿಯುತ್ತದೆ.

ಈಗ ಕಾಣುವ ಮೀನು? ವಜೀರಾಬಾದಿನ ಮೇಲ್ಭಾಗದಲ್ಲಿ ರೋಹು, ಕಾಟ್ಲಾ ಇವೆ. ಅದರ ಕೆಳಗೆ, ನೀರಿನಲ್ಲಿ ಆಮ್ಲಜನಕ ಎಷ್ಟೋ ದಿನ ಇಲ್ಲವೇ ಇಲ್ಲ. ಸ್ನಾನಕ್ಕೆ ಯೋಗ್ಯವೆನ್ನಲು ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಇರಬೇಕು. ಮೇಲೆ ಬಂದು ಗಾಳಿ ಕುಡಿಯಬಲ್ಲ ಬೆಕ್ಕುಮೀನಿನಂಥವು ಮಾತ್ರ ಬದುಕುತ್ತವೆ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನುಗಳು ಕಾಲ ಬುಡಕ್ಕೆ ಬರುವುದನ್ನು ಕಂಡವರು ಇಲ್ಲಿ ಅದನ್ನು ನಿರೀಕ್ಷಿಸಬೇಡಿ. ಮೀನು ನಿಜವಾಗಿ ಕಾಣುವುದು ನೀರುಕಾಗೆಯ ಕೊಕ್ಕಿನಲ್ಲಿ, ಬೂದು ಬಕದ ಗಂಟಲಲ್ಲಿ. ಈ ಭಾಗದಲ್ಲಿ ಹಿಡಿದ ಮೀನನ್ನು ದಂಡೆಯಲ್ಲಿ ಮಾರುತ್ತಿದ್ದರೆ ಕೊಳ್ಳಬೇಡಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಹಕ್ಕಿಗೆ ಸೇವು ಹಾಕುವುದು. ನವೆಂಬರಿನಿಂದ ಫೆಬ್ರವರಿವರೆಗೆ ಯಮುನಾ ಬಜಾರ್ ಘಾಟಿನಲ್ಲಿ ಕಡಲಹಕ್ಕಿಗಳು ದೋಣಿಗಳ ಸುತ್ತ ಮುತ್ತಿಕೊಳ್ಳುತ್ತವೆ. ದೋಣಿಯವರೇ ಪೊಟ್ಟಣ ಮಾರುತ್ತಾರೆ, ಫೋಟೋ ಅದ್ಭುತವಾಗಿ ಬರುತ್ತದೆ. ಉಪ್ಪು, ಎಣ್ಣೆ, ಮಸಾಲೆ ತುಂಬಿದ ತಿಂಡಿ ಸಾವಿರಾರು ಮೈಲಿ ಮರಳಿ ಹಾರಬೇಕಾದ ಹಕ್ಕಿಯ ಹೊಟ್ಟೆಗೆ ಸಲ್ಲದು. ತುಂಗೆಯ ಮೀನಿಗೆ ಮಂಡಕ್ಕಿ ಹಾಕಿದ ಅಭ್ಯಾಸದಿಂದ ನಮ್ಮವರ ಕೈ ತಾನಾಗಿ ಮುಂದೆ ಹೋಗುತ್ತದೆ. ನಯವಾಗಿ ತಡೆಯಿರಿ.

ನೀರು ಮುಟ್ಟುವುದು, ತಲೆಗೆ ಪ್ರೋಕ್ಷಿಸಿಕೊಳ್ಳುವುದು. ಹಿರಿಯರಿಗೆ ಬೇಡ ಎನ್ನುವುದು ಮನಸ್ಸಿಗೆ ಕಷ್ಟ. ಆದರೆ ಈ 22 ಕಿಲೋಮೀಟರಿನಲ್ಲಿ ಮಲದ ರೋಗಾಣುಗಳ ಪ್ರಮಾಣ ಮಿತಿಗಿಂತ ಬಹಳ ಹೆಚ್ಚು. "ಅಮ್ಮಾ, ಇಲ್ಲಿಂದಲೇ ನಮಸ್ಕಾರ ಮಾಡೋಣ, ತೀರ್ಥಕ್ಕೆ ಮೇಲೆ ಹೋಗೋಣ" ಎಂದರೆ ಒಪ್ಪುತ್ತಾರೆ. ಮುಟ್ಟಿದ್ದರೆ ಊಟಕ್ಕೆ ಮುಂಚೆ ಸಾಬೂನಿನಿಂದ ಕೈ ತೊಳೆಸಿ. ಪೂಜೆಯ ಹೂವು, ದೇವರ ಪಟ, ಪ್ಲಾಸ್ಟಿಕ್ ಚೀಲವನ್ನು ನೀರಿಗೆ ಬಿಡಬೇಡಿ.

ಎಲ್ಲವನ್ನೂ ಒಂದೇ ದಿನ ಮುಗಿಸುವುದು. ಓಖ್ಲಾ ದಕ್ಷಿಣದ ತುದಿ, ಜಗತ್‌ಪುರ ಉತ್ತರದ ತುದಿ. ಒಂದು ದಿನಕ್ಕೆ ಒಂದೇ ಜಾಗ.

ಗಾಢ ಬಣ್ಣ, ಜೋರು ಮಾತು, ಫೋನಿನ ಹಾಡು. ಕಡುಕೆಂಪು, ಅಚ್ಚಬಿಳಿ ಬಟ್ಟೆ ಹಕ್ಕಿಗೆ ದೂರದಿಂದಲೇ ಕಾಣುತ್ತದೆ. ಮಣ್ಣು, ಎಲೆಯ ಬಣ್ಣದ ಬಟ್ಟೆ ಇರಲಿ, ಕಾಲಿಗೆ ಮುಚ್ಚಿದ ಬೂಟು. ಹುಲ್ಲು ಬೆಳೆದ ಕಡೆ ಹಾವಿರುತ್ತವೆ, ದಾರಿ ಬಿಟ್ಟು ಇಳಿಯಬೇಡಿ. ನೀಲಗಾಯಿ ಎದುರಾದರೆ ನಿಂತುಬಿಡಿ, ಅದೇ ಸರಿದು ಹೋಗುತ್ತದೆ.

ಎರಡು ದಿನ ಕೈಯಲ್ಲಿದ್ದರೆ

ಹರಿಯುವ, ಮುಟ್ಟಬಹುದಾದ ಯಮುನೆಯನ್ನು ತೋರಿಸಲೇಬೇಕೆಂದಿದ್ದರೆ ಮೇಲಕ್ಕೆ ಹೋಗಬೇಕು. ಹಿಮಾಚಲದ ಪಾಂವಟಾ ಸಾಹಿಬ್‌ನಲ್ಲಿ ಗುರುದ್ವಾರದ ಪಕ್ಕದಲ್ಲೇ ನದಿ ಹರಿಯುತ್ತದೆ, ಬೆಣಚುಕಲ್ಲು ಕಾಣುವಷ್ಟು ತಿಳಿಯಾಗಿ. ಅಲ್ಲಿಂದ ಸ್ವಲ್ಪ ದೂರದಲ್ಲಿ, ಉತ್ತರಾಖಂಡದ ಕಡೆ, ಆಸನ್ ಬ್ಯಾರೇಜಿನ ಜೌಗು ಪ್ರದೇಶವಿದೆ. 2020ರಲ್ಲಿ ಅದು ಆ ರಾಜ್ಯದ ಮೊದಲ ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ, ಆಯಿತು. ಚಳಿಗಾಲದಲ್ಲಿ ಕಂದು-ಕಿತ್ತಳೆ ಮೈಯ ಬ್ರಾಹ್ಮಿಣಿ ಬಾತುಗಳು ಗುಂಪುಗುಂಪಾಗಿ ಇಳಿಯುತ್ತವೆ. ಬೆಟ್ಟದ ಬುಡದ ಈ ನೀರಿನಲ್ಲಿ ಮಹಶೀರ್ ಇದೆ. ಹೊಳೆ ಏರಿ ಮೊಟ್ಟೆಯಿಡುವ ಈ ಮೀನು ನಮ್ಮ ಕಾವೇರಿಯ ಬಿಳಿಮೀನಿನ ಬಳಗದ್ದೇ. ದೆಹಲಿಯಿಂದ ಬೆಳಗ್ಗೆ ಬೇಗ ಹೊರಟರೆ ಮಧ್ಯಾಹ್ನದ ಊಟಕ್ಕೆ ಪಾಂವಟಾ ಸೇರಬಹುದು, ಗುರುದ್ವಾರದ ಲಂಗರಿನಲ್ಲಿ ಎಲ್ಲರಿಗೂ ಊಟವಿದೆ, ತಲೆಗೆ ಹೊದೆಯಲು ಒಂದು ಬಟ್ಟೆ ಜೊತೆಗಿರಲಿ. ರಾತ್ರಿ ಅಲ್ಲೇ ತಂಗಿ, ಆಸನ್‌ಗೆ ಮರುದಿನ ಬೆಳಗ್ಗೆ ಹೋಗಿ. ಬೆಟ್ಟದ ಗಾಳಿ ತಿಳಿಯಾಗಿರುವುದರಿಂದ ಇಲ್ಲಿ ಬೆಳಕು ಹರಿಯುವ ಹೊತ್ತಿಗೇ ಹೋಗಬಹುದು.